ನಕ್ಷೆಯಲ್ಲಿ ಹಾಜರಿ

ವಿಜ್ಞಾನ ಮೇಷ್ಟ್ರುಗಳಿಗೆ ಡಿಜಿಟಲ್ ನಕ್ಷೆಯ ತರಬೇತಿ. ಗೋಡೆಯ ಮೇಲಿನ ನಕ್ಷೆಯಲ್ಲಿ ಒಬ್ಬೊಬ್ಬರ ಫೋನೂ ಒಂದೊಂದು ನೀಲಿ ಚುಕ್ಕಿ. ಚುಕ್ಕಿ ಕೊಠಡಿಯೊಳಗಿದ್ದರೆ ಹಾಜರಿ, ಆಚೆ ಹೋದರೆ ನೋಟಿಸು.

"ಮನುಷ್ಯ ಸುಳ್ಳು ಹೇಳಬಹುದು, ನಕ್ಷೆ ಹೇಳಲ್ಲ," ಎಂದು ತರಬೇತುದಾರರು ಎಚ್ಚರಿಸಿದ್ದರು.

ಮೇಷ್ಟ್ರುಗಳಿಗೆ ಪೂರ್ತಿ ಅರ್ಥವಾದ ಪಾಠ ಅದೊಂದೇ. ಎರಡನೆಯ ದಿನ ಊಟವಾದದ್ದೇ ತಡ, ಹಿರಿಯರೆಲ್ಲ ತಮ್ಮ ಫೋನುಗಳನ್ನು ಹೊಸದಾಗಿ ಸೇರಿದ್ದ ಮೇಷ್ಟ್ರು ಕೊಟ್ರೇಶನ ಚೀಲಕ್ಕೆ ಹಾಕಿ ಹೊರಟರು.

"ಸಾರ್, ನನ್ನ ಪ್ರೊಬೇಷನ್ ಇನ್ನೂ ಮುಗಿದಿಲ್ಲ. ಸಿಕ್ಕಿಬಿದ್ರೆ ಕೆಲಸಾನೇ ಹೋಗುತ್ತೆ."

"ಅದಕ್ಕೇ ಕಣಪ್ಪ ನೀನು ಕೂರೋದು. ನಮ್ಮದು ಮುಗಿದಿದೆ."

ಅವನು ಕೈ ತೊಳೆದು ಬರುವಷ್ಟರಲ್ಲಿ ಚೀಲ ಇನ್ನಷ್ಟು ಉಬ್ಬಿತ್ತು. ಗೋಡೆಯ ಮೇಲೆ ಚುಕ್ಕಿಗಳು ಕಿಕ್ಕಿರಿದಿದ್ದವು, ಕೊಠಡಿಯಲ್ಲಿ ಅವನೊಬ್ಬನೇ. ಚೀಲವನ್ನು ಬೆಂಚಿನ ಕೆಳಗೆ ತಳ್ಳಿ ಕೂತ.

ಆಗ ಹೇಳದೆ ಕೇಳದೆ ಶಿಕ್ಷಣ ಇಲಾಖೆಯ ಉಪನಿರ್ದೇಶಕರು ಬಂದರು. ಗೋಡೆ ನೋಡಿದರು, ಖಾಲಿ ಬೆಂಚುಗಳನ್ನು ನೋಡಿದರು.

"ಎಲ್ರೀ ಎಲ್ಲಾರೂ?"

ಕೊಟ್ರೇಶ ಎದ್ದು ನಿಂತ. "ತರಬೇತಿ ಕೊಡೋ ಸಾರೇ ಕೆರೆ ಸರ್ವೆಗೆ ಕರ್ಕೊಂಡು ಹೋದ್ರು ಸಾರ್."

"ಮತ್ತೆ ಚುಕ್ಕಿಗಳು ಇಲ್ಲೇ ಇದಾವಲ್ಲ?"

"ನೆಟ್‌ವರ್ಕ್ ನಿಧಾನ ಸಾರ್. ಮನುಷ್ಯರು ಹೋಗಿದಾರೆ, ಚುಕ್ಕಿ ಇನ್ನೂ ಹೊರಟಿಲ್ಲ."

"ಹೌದಾ? ಕೆರೆ ಹತ್ರ ಏನ್ ಮಾಡ್ತಿದಾರೆ, ಅವರನ್ನೇ ಕೇಳ್ತೀನಿ ಇರಿ," ಎಂದು ಉಪನಿರ್ದೇಶಕರು ತರಬೇತುದಾರರಿಗೆ ಫೋನ್ ಹಚ್ಚಿದರು.

ಬೆಂಚಿನ ಕೆಳಗೆ, ಕೊಟ್ರೇಶನ ಚೀಲದೊಳಗೆ, ತರಬೇತುದಾರರ ಫೋನು ಹಾಡತೊಡಗಿತು.