ಜೊಲ್ಲಿನ ಸಾಕ್ಷಿ

ನಾಯಿಯ ಜೊಲ್ಲಿನ ಪರೀಕ್ಷೆಗೆ ಮನೆಗೆ ಎರಡು ಸಾವಿರ ರೂಪಾಯಿ. ಮೆಟ್ಟಿಲು ತೊಳೆಯಲು ಒಂದು ಬಕೆಟ್ ನೀರು. ವಸತಿ ಸಂಘ ಎರಡು ಸಾವಿರವನ್ನೇ ಆರಿಸಿಕೊಂಡಿತು.

"ಮೆಟ್ಟಿಲ ಮೇಲೆ ಗಲೀಜು ಮಾಡೋ ನಾಯಿ ಯಾವುದು ಅಂತ ಜೊಲ್ಲಿನ ಡಿಎನ್‌ಎ ಹೋಲಿಸಿ ಕಂಪ್ಯೂಟರೇ ಹೇಳುತ್ತೆ," ಎಂದ ಕಾರ್ಯದರ್ಶಿ. "ಆ ನಾಯಿ ವಾರದೊಳಗೆ ಕಟ್ಟಡ ಬಿಡಬೇಕು."

"ಯಾರ ನಾಯಿ ಆದ್ರೇನು? ನಾನೇ ತೊಳೀತೀನಿ, ಬಿಡಿ," ಎಂದಳು ಟೈಲರಮ್ಮ.

"ಇದು ಶಿಸ್ತಿನ ಪ್ರಶ್ನೆ, ಅಮ್ಮ."

"ಶಿಸ್ತು ನಾಯಿಗೆ ಗೊತ್ತು ಸ್ವಾಮಿ. ಅದರ ಹೊಟ್ಟೆಗೆ ಗೊತ್ತಿಲ್ಲ."

ಎಲ್ಲರೂ ನಕ್ಕರು. ಆದರೆ ಒಪ್ಪಿಗೆ ಕೇಳಿದಾಗ, ನಾಯಿ ಸಾಕಿದ ಉಳಿದ ಹತ್ತು ಮನೆಯವರೂ ಕೈ ಎತ್ತಿದರು.

ಗಲೀಜು ಮಾಡುತ್ತಿದ್ದದ್ದು ತನ್ನ ತಾತನೇ ಎಂದು ಟೈಲರಮ್ಮನಿಗೆ ಗೊತ್ತಿತ್ತು. ತಾತ ಎಂದರೆ ಅವಳ ಮುದಿ ನಾಯಿ. ಗಂಡ ಹೋದಂದಿನಿಂದ ಹೊಲಿಗೆ ಯಂತ್ರದ ಕಾಲ ಬಳಿಯೇ ಮಲಗುವ ಜೀವ.

ನಾಯಿಯಿದ್ದ ಮನೆಮನೆಗೂ ಪುಟ್ಟ ಡಬ್ಬಿ ಬಂತು, ಒಳಗೊಂದು ಹತ್ತಿ ಕಡ್ಡಿ. ತಮ್ಮ ನಾಯಿಯ ಕೆನ್ನೆಯೊಳಗೆ ಅದನ್ನು ತಾವೇ ಸವರಿ, ಮುಚ್ಚಿ ಕೊಡಬೇಕು.

ಆ ವಾರ ಎಂದೂ ಬಾರದವರೆಲ್ಲ ಅವಳ ಮನೆಗೆ ಬಂದರು. ಮೇಷ್ಟರು ಅಂಗಿಯ ಗುಂಡಿಗೆ, ಬೇಕರಿಯವನು ಪ್ಯಾಂಟಿನ ಜಿಪ್ಪಿಗೆ, ಕಾರ್ಯದರ್ಶಿಯ ಹೆಂಡತಿ ಹರಿಯದ ದಿಂಬಿನ ಚೀಲಕ್ಕೆ. ಅವಳು ಟೇಪು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಪ್ರತಿಯೊಬ್ಬರೂ ತಾತನ ಮುಂದೆ ಕುಕ್ಕರುಗಾಲಲ್ಲಿ ಕೂತು ಗಲ್ಲ ಸವರುತ್ತಿದ್ದರು.

"ತಾತನ ಬಾಯಿ ಒಣಗಿದೆ ಅಕ್ಕ, ನೀರಿಡಿ," ಎಂದ ಬೇಕರಿಯವನು.

ಅವಳಿಗೆ ರೇಗಿತು. "ಕೈ ಎತ್ತಿದ್ದೂ ನೀವೇ, ಬೀಳ್ಕೊಡೋಕೆ ಬಂದಿರೋದೂ ನೀವೇ! ಎದ್ದು ನಡೀರಿ!"

ಕೊನೆಯ ದಿನ ಅವಳೇ ತಾತನ ಬಾಯಿಗೆ ಕಡ್ಡಿ ಹಾಕಿದಳು. ಬೇರೆ ನಾಯಿಯ ಜೊಲ್ಲು ಕೊಡುವ ಕಳ್ಳಾಟ ಅವಳಿಗೆ ಬೇಡವಾಗಿತ್ತು. ಡಬ್ಬಿಯನ್ನು ಕಾರ್ಯದರ್ಶಿಯ ಮೇಜಿನ ಮೇಲೆ ಕುಕ್ಕಿದಳು. "ತಗೊಳ್ಳಿ. ಅವನು ಎಲ್ಲಿಗೋ ನಾನೂ ಅಲ್ಲಿಗೇ." ಮನೆಗೆ ಬಂದು ಸಾಮಾನು ಕಟ್ಟಿ, ಹೊಲಿಗೆ ಯಂತ್ರಕ್ಕೂ ಹಗ್ಗ ಬಿಗಿದಳು.

ಫಲಿತಾಂಶದ ಸಭೆಯಲ್ಲಿ ಪ್ರಯೋಗಾಲಯದ ಹುಡುಗಿ ಲ್ಯಾಪ್‌ಟಾಪ್ ತೆರೆದಳು.

"ನಾಯಿ ಸಿಕ್ಕಿದೆ, ಸರ್."

"ಯಾವ ಮನೇದು?"

ಟೈಲರಮ್ಮ ಎದ್ದು ನಿಂತಳು. "ಹೇಳಮ್ಮ, ಹೆದರಬೇಡ."

ಹುಡುಗಿ ತಲೆ ಕೆರೆದುಕೊಂಡಳು. "ತಂತ್ರಾಂಶ ಕೆಟ್ಟಿದೆಯೇನೋ ಅಂತ ಮತ್ತೆ ಮತ್ತೆ ನೋಡಿದೆ, ಸರ್. ಹನ್ನೊಂದು ಡಬ್ಬಿಯಲ್ಲೂ ಇರೋದು ಒಂದೇ ನಾಯಿ. ಮೆಟ್ಟಿಲ ಮೇಲಿನ ಗಲೀಜೂ ಅದರದ್ದೇ. ನಿಮ್ಮ ಮನೆ ಡಬ್ಬಿಯಲ್ಲೂ ಅದೇ."

ಕಾರ್ಯದರ್ಶಿ ಹೆಂಡತಿಯ ಕಡೆ ತಿರುಗಿದ.

"ಏನ್ರೀ, ನಾವೂ ಸಾಮಾನು ಕಟ್ಟೋದಾ?" ಎಂದಳು ಆಕೆ.

ತಾತ ಉಳಿದ.