ಕಾಮನ ಕೆಂಡ

ಶ್ರಾವಣಿ, ಓಂಕಾರ, ನಿನ್ನೆ ನಿಮ್ಮ ಅಂಗಿಗಳಲ್ಲಿ ಹೋಳಿಯ ಹೊಗೆ ವಾಸನೆ ಬಂದಾಗ ಮಹಾರಾಷ್ಟ್ರದ ನಾಸಿಕ್‌ನಲ್ಲಿದ್ದ ನಮ್ಮ ತಗಡಿನ ಶೆಡ್ಡು ನೆನಪಾಯಿತು.

ಅಪ್ಪ ಅಲ್ಲಿ ಮನೆ ಕಟ್ಟುವ ಗೌಂಡಿ ಕೆಲಸಕ್ಕಿದ್ದರು. ನನಗಾಗ ಎಂಟು ವರ್ಷ. ಕಾಮನನ್ನು ಸುಟ್ಟ ಮರುದಿನ ಆ ಕೆಂಡ ತಂದೇ ಒಲೆ ಹಚ್ಚುವುದು ನಮ್ಮ ಕಲಬುರಗಿ ಕಡೆಯ ಪದ್ಧತಿ.

"ಹಳೇ ಸಿಟ್ಟೆಲ್ಲಾ ಕಾಮನ ಕೂಡ ಸುಡಬೇಕು, ಹೊಸಾ ಬೆಂಕಿ ಮನಿಗೆ ತರಬೇಕು," ಎಂದು ಅವ್ವ ನನ್ನ ಕೈಗೆ ಡಬ್ಬಿ ಕೊಟ್ಟಳು. ನಳದ ನೀರಿಗೆ ಜಗಳವಾಗಿ, ನಾನು ಮಾವಶಿ, ಎಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಪಕ್ಕದ ಮರಾಠಿ ಹೆಂಗಸಿನೊಡನೆ ಅವಳು ಮಾತು ಬಿಟ್ಟು ತಿಂಗಳಾಗಿತ್ತು.

ಕೆಂಡ ತುಂಬಿಕೊಂಡು ಬರುವಾಗ ಹುಡುಗರು ಎರಚಿದ ಬಣ್ಣದ ನೀರು ಬಿದ್ದು ಕೆಂಡ ಆರಿತು. ತಿರುಗಿ ಹೋದರೆ ಅಲ್ಲಿ ಬರೀ ಬೂದಿ. ಅಳುತ್ತಾ ನಿಂತವಳನ್ನು ಮಾವಶಿ, "ಇಕಡೆ ಯೇ, ಪೋರಿ," ಎಂದು ಹತ್ತಿರ ಕರೆದಳು. ಕಾಮನ ಬೆಂಕಿಯಿಂದಲೇ ಹಚ್ಚಿದ್ದ ತನ್ನ ಒಲೆಯಿಂದ ಎರಡು ಕೆಂಡ ಹಾಕಿಕೊಟ್ಟಳು.

ಅವ್ವ ಒಲೆ ಹಚ್ಚಿ ಕಡಲೆ ಹುರಿಯತೊಡಗಿದಳು. ನನಗೆ ತಡೆಯಲಾಗಲಿಲ್ಲ, ನಿಜ ಹೇಳಿಬಿಟ್ಟೆ.

"ಆಕೀ ಒಲಿ ಕೆಂಡೇನ ಇದು?"

"ಹೂಂ, ಅವ್ವಾ."

ಅವ್ವ ಬಿಸಿ ಕಡಲೆಯನ್ನು ಬಟ್ಟಲಿಗೆ ಸುರಿದು, ಸೆರಗು ಸರಿಮಾಡಿಕೊಂಡು, ನನ್ನನ್ನು ಕಳಿಸದೆ ತಾನೇ ಮಾವಶಿಯ ಬಾಗಿಲಿಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ಅವಳ ಎರಡೂ ಕೆನ್ನೆಗೆ ಗುಲಾಲು ಮೆತ್ತಿತ್ತು.

ಮಕ್ಕಳೇ, ನಿಮಗೆ ಕನ್ನಡ ಓದಲು ಬರುವತನಕ ಈ ಹಾಳೆಗಳನ್ನು ನಾನೇ ಜೋಪಾನವಾಗಿಡುತ್ತೇನೆ.