ಗುಲಾಬಿ ನೀರು

ಔಷಧ ಹಚ್ಚಿದ ಗೋವಿನಜೋಳದ ಬೀಜದ ಘಾಟು ಮೂಗಿಗೆ ಬಡಿದರೆ ಈಗಲೂ ನನ್ನ ಬಲಗೈ ತಾನೇ ಮುಷ್ಟಿಯಾಗುತ್ತದೆ.

ಯಲಬುರ್ಗಾ ಕಡೆಯ ನಮ್ಮೂರ ಶಾಲೆಯಲ್ಲಿ ನಾನಾಗ ಮೂರನೇ ತರಗತಿ. ಪೇಟೆಯ ಬಣ್ಣ ಯಾರಲ್ಲೂ ಇರಲಿಲ್ಲ. "ಬಣ್ಣ ನಿಮ್ಮ ಮನ್ಯಾಗ ಹುಡುಕ್ರಿ" ಎಂದಿದ್ದರು ಟೀಚರ್. ಬೇವಿನ ಕಡ್ಡಿಯ ತುದಿ ಜಗಿದು ಕುಂಚ ಮಾಡಿಕೊಳ್ಳುವುದನ್ನೂ ಅವರೇ ಕಲಿಸಿದ್ದರು. ಉಳಿದವರು ಅರಿಶಿನ, ಇದ್ದಿಲು, ಇಟ್ಟಿಗೆಪುಡಿ ತಂದರು. ನಾನು ಅಪ್ಪ ಬಿತ್ತನೆಗೆ ತಂದಿಟ್ಟ ಬೀಜದಲ್ಲಿ ಒಂದು ಹಿಡಿ ಕದ್ದು ನೆನೆಸಿದೆ. "ಮುಟ್ಟಬ್ಯಾಡ, ಔಷಧ ಹಚ್ಚ್ಯಾರ" ಎಂದು ಅಪ್ಪ ಹೇಳಿದ್ದ. ಆದರೆ ಆ ಔಷಧದಂಥ ಗುಲಾಬಿ ಬಣ್ಣವನ್ನು ನಾನು ಎಲ್ಲೂ ಕಂಡಿರಲಿಲ್ಲ. ಬೀಜ ಚೆಲ್ಲಿ, ನೀರನ್ನು ತೆಂಗಿನ ಚಿಪ್ಪಿನಲ್ಲಿ ಶಾಲೆಗೆ ಒಯ್ದೆ.

"ಭಾಳ ಛಲೋ ಐತಿ. ಇದು ಯಾವ ಹೂವಿಂದವ್ವ?" ಟೀಚರ್ ಕೇಳಿದರು.

"ದಾಸವಾಳದ್ದ್ರಿ" ಎಂದೆ.

ಪಕ್ಕದಲ್ಲಿ ಕೂತ ಗೆಳತಿ ರೇಣವ್ವ ನನ್ನ ಬಣ್ಣದಲ್ಲೇ ಕಮಲ ಬರೆಯುತ್ತಿದ್ದಳು. ಕಡ್ಡಿಯ ತುದಿ ಗಟ್ಟಿಯಾದಾಗಲೆಲ್ಲ ಬಾಯಿಗಿಟ್ಟು ಮತ್ತೆ ಜಗಿಯುತ್ತಿದ್ದಳು. ಕಮಲ ಅರ್ಧವಾಗುವಷ್ಟರಲ್ಲಿ ಅವಳಿಗೆ ವಾಂತಿ ಶುರುವಾಯಿತು. ಯಾರೋ ಅವಳನ್ನು ಮೋಟಾರ್ ಸೈಕಲ್ ಮೇಲೆ ಆಸ್ಪತ್ರೆಗೆ ಒಯ್ದರು.

"ಈ ಬಣ್ಣ ಯಾರ್ ತಂದಾರ?" ಹೆಡ್‌ಮಾಸ್ತರರು ಬಂದು ಕೇಳಿದರು.

ಟೀಚರ್ ಚಿಪ್ಪನ್ನು ಮೂಸಿದರು. ಆಮೇಲೆ ನನ್ನ ಗುಲಾಬಿ ಅಂಗೈಯನ್ನು ನೋಡಿ, ಬೆರಳುಗಳನ್ನು ತಾವೇ ಮಡಚಿದರು.

"ನಾನ ತಂದೀನ್ರಿ ಸರ್" ಎಂದರು ಟೀಚರ್.

ನಾನು ಮುಷ್ಟಿ ಬಿಚ್ಚಲಿಲ್ಲ.

ರೇಣವ್ವ ಶಾಲೆಗೆ ಮರಳುವ ಹೊತ್ತಿಗೆ ನನ್ನ ಕೈಯ ಬಣ್ಣ ಹೋಗಿತ್ತು. ಟೀಚರ್ ಮತ್ತೆ ಬರಲಿಲ್ಲ.